ಗಾಜಿನ ಹಿಂದೆ ಒಂದು ಹೂದೋಟ

ಮಂಡಿ ಮೊಹಲ್ಲಾದ ಗಲ್ಲಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸಹಾಯಮೇರಿ ಫ್ರೇಮ್ ಅಂಗಡಿಯ ಬಾಗಿಲೆತ್ತಿ, ಶಿಲುಬೆಯ ಗುರುತು ಹಾಕಿಕೊಂಡು, ಗೋಡೆಗೆ ಮುಖ ಮಾಡಿ ನಿಂತ ಫೋಟೊಗಳ ಧೂಳು ಒರೆಸುತ್ತಾರೆ. ಎಲ್ಲ ತೀರಿಕೊಂಡವರವು. ಮನೆಯವರು ಬಂದು ಒಯ್ಯುವವರೆಗೆ ಅವನ್ನು ಬೀದಿಗೆ ತಿರುಗಿಸುವುದಿಲ್ಲ. ಅದು ಮಾವನ ಕಾಲದ ಪದ್ಧತಿ. "ದಾರೀಲಿ ಹೋಗೋರ್ನೆಲ್ಲ ನೋಡ್ತಾ ಕೂತ್ರೆ ಅವ್ರಿಗೆ ಹೋಗೋಕೆ ಮನಸ್ಸೇ ಬರಲ್ಲ ಕಣ್ರೀ" ಎಂದು ನಗುತ್ತಾರೆ.

ಗಂಡ ಸೆಬಾಸ್ಟಿಯನ್ ಹೋದ ಮೇಲೆ ಫ್ರೇಮ್ ಹಾಕುವ ಕೆಲಸ ಇವರ ಪಾಲಿಗೆ ಬಂತು. ದಿನಕ್ಕೆ ನಾಲ್ಕೈದು ಪಟ. ದೇವರದು, ಮದುವೆಯದು, ಹೆಚ್ಚಿನವು ಹೋದವರದು. ಎಲ್ಲಕ್ಕೂ ಗಾಜು ಹಾಕಿಯೇ ರೂಢಿ. ಆ ರೂಢಿಯೇ ಒಂದು ತಪ್ಪು ಮಾಡಿಸಿತು.

ಇಂದು ಪದ್ಮಾವತಿ ಹಳೆಯ ಸೀರೆಯಲ್ಲಿ ಸುತ್ತಿದ ಚಿತ್ರವೊಂದನ್ನು ತಂದಿದ್ದಾರೆ. ಫ್ರೇಮಿನ ಮೂಲೆ ಬಿಟ್ಟಿದೆ. ತೀರಿಕೊಂಡ ಮಗಳು ಗಗನ ಬರೆದ ಕೊನೆಯ ಚಿತ್ರ: ಬಿಸಿಲಿನಲ್ಲಿ ಹೂದೋಟ. ಹತ್ತಿರದಿಂದ ಬರೀ ಹಳದಿ, ಕೆಂಪು, ನೇರಳೆ ಬಣ್ಣದ ಮುದ್ದೆ. ಹಿಂದೆ ಸರಿದರೆ ನಡುಹಗಲು ಕಣ್ಣು ಕುಕ್ಕುತ್ತದೆ. ದಾಸವಾಳದ ಪಕ್ಕ ಒಂದು ಬಿಳಿ ಗುರುತು, ಯಾರೋ ನಿಂತ ಹಾಗೆ. ಮೊದಲು ಫ್ರೇಮ್ ಹಾಕುವಾಗ, ಪೂರ್ತಿ ಆರದ ಎಣ್ಣೆಬಣ್ಣದ ಮೇಲೆ ಸಹಾಯಮೇರಿ ಗಾಜು ಕೂರಿಸಿದ್ದರು. ಈಗ ಪದ್ಮಾವತಿಯ ಮನೆಯಲ್ಲಿ ದಿನಾ ಬೆಳಿಗ್ಗೆ ಆ ಬಿಳಿ ಗುರುತಿನ ಮುಂದೆ ಮಾತ್ರ ಗಾಜು ಒಳಗಿನಿಂದ ಮಂಜಾಗುತ್ತದೆ.

"ಅವಳು ಉಸಿರಾಡ್ತಿದಾಳೆ ಮೇರಮ್ಮ. ಗಾಜು ಮುಟ್ಬೇಡ, ಮೂಲೆ ಮಾತ್ರ ಕೂಡಿಸ್ಕೊಡು."

"ಬೂಷ್ಟು ಹಿಡೀತಿದೆ ಅಮ್ಮಾವ್ರೇ. ಹಿಂಗೇ ಬುಟ್ರೆ ಮಳೆಗಾಲ ಕಳೆಯೋದ್ರೊಳಗೆ ತೋಟಾನೇ ಇರಲ್ಲ. ತಪ್ಪು ನಂದು. ಬಿಚ್ಚೋಕೆ ಬುಡಿ."

"ಉಸಿರು ನಿಂತೋದ್ರೆ? ಒಂದ್ಸಲ ನಿಂತಿದ್ದನ್ನ ನೋಡಿದೀನಿ."

ಸಹಾಯಮೇರಿ ಚಿತ್ರವನ್ನು ಮೇಜಿನ ಮೇಲೆ ಮಲಗಿಸುತ್ತಾರೆ. ಇಕ್ಕಳ ಕೈಯಲ್ಲೇ ಇದೆ. ಪದ್ಮಾವತಿ ಕಣ್ಣು ಮುಚ್ಚಿ ಕೃಷ್ಣಾ ಎನ್ನುತ್ತಾರೆ. ಕೊನೆಗೆ ಹೂಂ ಎಂದು ತಲೆಯಾಡಿಸುತ್ತಾರೆ.

ಮೊಳೆಗಳು ಒಂದೊಂದಾಗಿ ಬರುತ್ತವೆ. ಸಹಾಯಮೇರಿ ತೆಳ್ಳನೆಯ ಅಲಗು ತೂರಿಸಿ ಕೂದಲೆಳೆಯಷ್ಟೇ ಸರಿಸುತ್ತಾ, ಗಾಜನ್ನು ಎತ್ತುತ್ತಾರೆ. ಬಿಳಿ ಗುರುತು ಇದ್ದಲ್ಲೇ ಇದೆ. "ನೋಡಿ, ಒಂದೆಸಳೂ ಕಿತ್ತಿಲ್ಲ!" ಅವರ ಮುಖ ಅರಳುತ್ತದೆ. ಪದ್ಮಾವತಿ ಚಿತ್ರಕ್ಕೆ ಕೆನ್ನೆ ತಾಗಿಸಿ ಕಾಯುತ್ತಾರೆ. ಉಸಿರು ತಾಗುವುದಿಲ್ಲ. ಚಿತ್ರವನ್ನು ಮತ್ತೆ ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಹೊರಡುತ್ತಾರೆ.

ಸಹಾಯಮೇರಿ ಗಾಜಿನ ಎರಡೂ ಬದಿ ಒರೆಸಿ ಬರಿಗೋಡೆಗೆ ಆನಿಸಿಡುತ್ತಾರೆ. ಬಟ್ಟೆ ಮಡಚಿ ತಿರುಗಿದರೆ, ಬಿಳಿ ಗುರುತಿಗೆ ಎದುರಾಗಿದ್ದ ಅದೇ ಜಾಗದಲ್ಲಿ, ಅಂಗೈಯಗಲ, ಮಂಜು ಏಳುತ್ತಿದೆ. ಇಳಿಯುತ್ತದೆ. ಮತ್ತೆ ಏಳುತ್ತದೆ.

ಗಾಜನ್ನು ಎದೆಗವಚಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ, ಅವರು ಗಲ್ಲಿಗೆ ಓಡುತ್ತಾರೆ.

"ನಿಂತ್ಕೊಳ್ಳಿ ಅಮ್ಮಾವ್ರೇ! ಇವಳನ್ನ ಇಲ್ಲೇ ಬುಟ್ಟು ಹೋಗ್ತಿದೀರಿ!"