ಪೇಂಡಸೆ ಕಾಕಾನ ಕ್ಯಾಮೆರಾ
ಪುಣೆಯ ನಮ್ಮ ಸೊಸೈಟಿಯಲ್ಲಿ ಯಾರ ಮನೆಗೆ ಹೊಸ ಸಿಸಿ ಕ್ಯಾಮೆರಾ ಬಂದರೂ ಪೇಂಡಸೆ ಕಾಕಾ ಕನ್ನಡಕ ಏರಿಸಿಕೊಂಡು ಹಾಜರಾಗುತ್ತಾರೆ. ಚಹಾ ಕೊಟ್ಟರೆ ಮುಟ್ಟುವುದಿಲ್ಲ. ಮೊದಲು ರೌಟರಿನೊಳಗೆ ಹೊಕ್ಕು, ಆ ಕ್ಯಾಮೆರಾ ಇಂಟರ್‌ನೆಟ್ಟಿಗೆ ಹೋಗದಂತೆ ತಡೆ ಹಾಕಬೇಕು. "ಮನೆಯೊಳಗೆ ಎಷ್ಟು ಬೇಕಾದ್ರೂ ನೋಡ್ಕೊಳ್ಳಿ, ಹೊಸ್ತಿಲು ಮಾತ್ರ ದಾಟಬಾರ್ದು," ಎನ್ನುತ್ತಾರೆ. ತಮ್ಮ ಮನೆಯ ಬಟ್ಟೆ ಒಗೆಯುವ ಯಂತ್ರ ವೈಫೈ ಕೇಳಿದ್ದಕ್ಕೆ, "ನಿನಗ್ಯಾಕಮ್ಮ ಊರ ಉಸಾಬರಿ?" ಎಂದು ಅದನ್ನೇ ಗದರಿದವರು. ಈ ಸಲ ಗಣಪತಿ ಪ್ರಸಾದದ ಸಾಲಿನಲ್ಲಿ ನಾನು ಎಲ್ಲರೆದುರು ಕೇಳಿದೆ: "ನಿಮ್ಮ ಮನೇಲಿ ಕದ್ದು ನೋಡೋಕೆ ಏನಿದೆ ಕಾಕಾ? ನೀವು ಒಬ್ರೇ ಕೂತು ಬಟಾಣಿ ಸುಲಿಯೋದನ್ನಾ?" ಎಲ್ಲರೂ ಗೊಳ್ಳೆಂದು ನಕ್ಕರು. ಕಾಕಾ ನಗಲಿಲ್ಲ. ನನ್ನನ್ನು ಮೆಟ್ಟಿಲ ಬಳಿಗೆ ಕರೆದು ತಗ್ಗಿದ ದನಿಯಲ್ಲಿ ಹೇಳಿದರು: "ನಿಮ್ಮ ಕಾಕು, ನನ್ನ ಹೆಂಡ್ತಿ, ಹಾಸಿಗೆ ಹಿಡಿದಾಗ, ಆಫೀಸಿನಿಂದ ನೋಡ್ತಿರೋಣ ಅಂತ ನಾನೇ ಅವಳ ಕೋಣೇಲಿ ಕ್ಯಾಮೆರಾ ಹಾಕಿದ್ದೆ, ಬಾಬಾ. ಅದರ ಜೊತೆ ಬಂದ ಪಾಸ್‌ವರ್ಡನ್ನೂ ಬದಲಾಯಿಸಿರ್ಲಿಲ್ಲ. ಒಂದಿನ, ಮನೆಗೆ ಬಂದು ಹೋಗ್ತಿದ್ದ ಆಫೀಸಿನ ಜೊತೆಯವನೊಬ್ಬ ತಲೆ ತಗ್ಗಿಸಿ ಫೋನು ನನ್ನ ಕೈಗಿಟ್ಟ. ನಮ್ಮ ಕೋಣೆಯ ಚಿತ್ರ ಯಾರೋ ಇಂಟರ್‌ನೆಟ್ಟಿನಲ್ಲಿ ಹಾಕಿದ್ರು. ಅದ್ರಲ್ಲಿ ದಾದಿ ಅವಳ ಮೈ ಒರೆಸ್ತಿದ್ಲು." ನಾಚಿಕೆಯಿಂದ ನನಗೆ ಅವರ ಮುಖ ನೋಡಲಾಗಲಿಲ್ಲ. "ಕಾಕುಗೆ ಹೇಳಿದ್ರಾ?" ಎಂದೆ. "ಯಾವ ಬಾಯಲ್ಲಿ ಹೇಳ್ಲಿ? ಕ್ಯಾಮೆರಾನ ಅವತ್ತೇ ಇಂಟರ್‌ನೆಟ್ಟಿನಿಂದ ತೆಗೆದೆ, ಗೋಡೆಯಿಂದ ತೆಗೀಲಿಲ್ಲ. ನಾನು ಆಫೀಸಿನಿಂದ ನೋಡ್ತಿದೀನಿ ಅಂದ್ಕೊಂಡು, ಕೊನೇ ದಿನದವರೆಗೂ ತಲೆ ಬಾಚಿಸ್ಕೊಂಡು ಅದನ್ನೇ ನೋಡಿ ನಗ್ತಿದ್ಲು."