ಬ್ಯಾಂಡಿನವರ ಅಕ್ಕು

ಗೋರೆಗಾಂವ್ ಪೂರ್ವದ, ಸಾಲುಮನೆಗಳ ಆ ಚಾಳಿನಲ್ಲಿ ಅಕ್ಕುವಿನ ಮನೆ ಯಾವುದೆಂದು ಕೇಳಿದರೆ ಯಾರೂ ನಂಬರ್ ಹೇಳುತ್ತಿರಲಿಲ್ಲ. ಮೆಷಿನ್ ಸದ್ದು ಬರುವ ಕಡೆ ಹೋಗಿ ಎನ್ನುತ್ತಿದ್ದರು. ಕಾಪುವಿನ ಹತ್ತಿರದ ಹಳ್ಳಿಯಿಂದ ಮದುವೆಯಾಗಿ ಬಂದವಳು ಅವಳು. ಗಂಡ ಸದಾನಂದ ಸ್ಟೇಷನ್ ರಸ್ತೆಯ ಉಡುಪಿ ಹೋಟೆಲಿನ ಕೌಂಟರಿನಲ್ಲಿ ಬೆಳಗ್ಗೆ ಆರಕ್ಕೆ ಕೂತರೆ ಏಳುವುದು ರಾತ್ರಿಯೇ. ಅಕ್ಕು ಚಾಳಿನ ಹೆಂಗಸರ ರವಿಕೆ, ಮಕ್ಕಳ ಯೂನಿಫಾರ್ಮ್ ಹೊಲಿಯುತ್ತಿದ್ದಳು. ಶನಿವಾರ ಸಂಜೆ ಮಾತ್ರ ಮೆಷಿನ್ನಿಗೆ ರಜೆ. ಅಂದು ಶನಿದೇವರ ಗುಡಿಯ ಭಜನೆಯಲ್ಲಿ ತಾಳ ಹಾಕುವವಳು ಅವಳೇ.

೧೯೮೪ರ ದೀಪಾವಳಿ ಮುಗಿದ ಎರಡನೆಯ ದಿನ ಗುರಲಿಂಗಪ್ಪ ದೊಡ್ಡದೊಂದು ಗಂಟು ಹೊತ್ತು ಅವಳ ಬಾಗಿಲಿಗೆ ಬಂದ. ವಿಜಾಪುರ ಕಡೆಯ ಆಳು. ಪರೇಲಿನ ಗಿರಣಿಯಲ್ಲಿ ಮಗ್ಗ ನಡೆಸುತ್ತಿದ್ದವನು. ಮುಷ್ಕರದಲ್ಲಿ ಗಿರಣಿಯ ಬಾಗಿಲು ಮುಚ್ಚಿದ ಮೇಲೆ ತನ್ನಂತೆಯೇ ಕೆಲಸ ಕಳೆದುಕೊಂಡವರನ್ನೂ ಹೋಟೆಲುಗಳಲ್ಲಿ ದುಡಿಯುವ ನಾಲ್ಕಾರು ಜನರನ್ನೂ ಕೂಡಿಸಿ ಜೈ ಮಲ್ಲಿಕಾರ್ಜುನ ಬ್ರಾಸ್ ಬ್ಯಾಂಡ್ ಕಟ್ಟಿದ್ದ. ಗಿರಣಿಯ ಗಣಪತಿ ಮೆರವಣಿಗೆಯಲ್ಲಿ ಕಲಿತ ಕಾರ್ನೆಟ್ ತುತ್ತೂರಿಯೇ ಈಗ ಅವನ ಅನ್ನ. ಎಲ್ಲರೂ ಅವನನ್ನು ಮಾಸ್ತರ ಎನ್ನುತ್ತಿದ್ದರು.

"ಅಕ್ಕಾರ, ಬರೇ ಹೆಣ್ಮಕ್ಕಳ ಜಂಪರ ಹೊಲೀತೀರೋ, ಗಂಡಸರ ಕೋಟೂ ಹೊಲೀತೀರೋ?"

"ಕೋಟು ಹೊಲಿದದ್ದಿಲ್ಲ. ಆದ್ರೆ ಬಿಚ್ಚಿ ನೋಡಿದ್ರೆ ಗೊತ್ತಾಗ್ತದೆ ಅಲ್ವಾ, ಹೇಗೆ ಹೊಲಿದದ್ದು ಅಂತ."

ಗಂಟು ಬಿಚ್ಚಿದರೆ ಹನ್ನೆರಡು ಕೆಂಪು ಕೋಟು. ಭುಜದ ಮೇಲೆ ಬಂಗಾರದ ಬಣ್ಣದ ಜರಿ, ಎದೆಗೆ ಹಿತ್ತಾಳೆ ಗುಂಡಿ. ಹನ್ನೆರಡೂ ಕಂಕುಳಲ್ಲಿ ಹರಿದಿದ್ದವು, ಹೆಚ್ಚಿನವುಗಳ ಕೊರಳ ಗುಂಡಿ ಕಿತ್ತುಹೋಗಿತ್ತು. ಅಕ್ಕು ಒಂದೊಂದನ್ನೂ ತಿರುಗಿಸಿ ಮುರುಗಿಸಿ ನೋಡಿದಳು.

"ಇದನ್ನು ಹೊಲಿದವ ಒಳ್ಳೇ ಕೆಲಸಗಾರನೇ ಮಾಸ್ಟ್ರೇ. ಆದ್ರೆ ನೀವೆಲ್ಲ ಸುಮ್ಮನೆ ನಿಂತಾಗ ಅಳತೆ ತೆಗೆದದ್ದು. ನೀವು ಸುಮ್ಮನೆ ನಿಲ್ಲುವವ್ರಾ? ಭಾನುವಾರ ಎಲ್ರನ್ನೂ ಕರ್ಕೊಂಡು ಬನ್ನಿ, ವಾದ್ಯ ಸಮೇತ."

ಭಾನುವಾರ ಬೆಳಗ್ಗೆ ನಲ್ಲಿಯ ಮುಂದೆ ಬಿಂದಿಗೆ ಸಾಲಿಟ್ಟುಕೊಂಡಿದ್ದ ಚಾಳಿನವರಿಗೆ ಪುಕ್ಕಟೆ ತಮಾಷೆ. ಮೊದಲ ಸರದಿ ಮರೆಪ್ಪನದು. ಅವನು ಊದುತ್ತಿದ್ದದ್ದು ಎಲ್ಲಕ್ಕಿಂತ ದೊಡ್ಡ ಕೊಂಬು, ಮೈಗೆ ಹೆಬ್ಬಾವಿನಂತೆ ಸುತ್ತಿಕೊಳ್ಳುವಂಥದು. ಅಕ್ಕು ಅವನ ಎದೆಗೆ ಟೇಪು ಸುತ್ತಿ, "ಊದಿ" ಎಂದಳು.

"ಏನ ಊದ್ಲಿ?"

"ಎಂಥದಾದ್ರೂ ಸರಿ, ಊದಿ ಮಾರಾಯ್ರೇ!"

ಮರೆಪ್ಪ ಕಣ್ಣುಮುಚ್ಚಿ ಊದಿದ. ಹಂಚಿನ ಮೇಲಿನ ಕಾಗೆಗಳೆಲ್ಲ ಒಟ್ಟಿಗೆ ಎದ್ದವು. ಅಕ್ಕುವಿನ ಬೆರಳುಗಳ ನಡುವೆ ಟೇಪು ಮೂರು ಇಂಚು ಜಾರಿತು. ಮೂವತ್ತಾರು ಇದ್ದದ್ದು ಮೂವತ್ತೊಂಬತ್ತು! ಡೋಲಿನವರನ್ನು ಕೈ ಎತ್ತಿಸಿ ಅಳೆದಳು, ಕ್ಲಾರಿಯೊನೆಟ್ಟಿನವನನ್ನು ತಲೆ ಬಗ್ಗಿಸಿ ಅಳೆದಳು. ಕಂಕುಳಿಗೆ ಅಗಲವಾದ ಪಟ್ಟಿ ಸೇರಿಸಿದಳು, ಕೊರಳನ್ನು ಒಂದು ಬೆರಳಿನಷ್ಟು ಸಡಿಲ ಬಿಟ್ಟಳು.

ತುಳಸಿ ಮದುವೆ ಕಳೆದು ಲಗ್ನಗಳು ಶುರುವಾದವು. ಅಂಧೇರಿಯ ಮೊದಲ ಮೆರವಣಿಗೆಯ ಮರುದಿನವೇ ಮಾಸ್ತರ ಪೇಡೆ ಹಿಡಿದುಕೊಂಡು ಬಂದ. ಮೂರನೆಯ ಹಾಡಿಗೇ ಏದುಸಿರು ಬಿಡುತ್ತಿದ್ದ ಮರೆಪ್ಪ ನಿನ್ನೆ ಎರಡು ಗಂಟೆ ಒಂದೇ ಸಮನೆ ಊದಿದ್ದನಂತೆ.

"ಎರಡ ವರ್ಷದಿಂದ ಅವಂಗ ದಮ್ಮಿಲ್ಲ ಅಂತ ಬೈಕೋತ ಬಂದೆ ಅಕ್ಕಾರ. ಅವನ ಕುತ್ತಿಗಿ ಹಿಡದಿದ್ದು ಕೋಟು!"

ಅಲ್ಲಿಂದ ಬ್ಯಾಂಡಿನ ತಾಲೀಮು ಚಾಳಿನ ಅಂಗಳಕ್ಕೇ ಬಂತು. ಮೊದಲೆರಡು ವಾರ ಗೊಣಗಿದ ನೆರೆಯವರು ಮೂರನೆಯ ವಾರ ತಮಗೆ ಬೇಕಾದ ಹಾಡು ಕೇಳತೊಡಗಿದರು. ಮರೆಪ್ಪನ ಹೆಂಡತಿ ಸುಂದ್ರವ್ವ ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬರುತ್ತಿದ್ದಳು. ಅಕ್ಕು ನೀರುದೋಸೆ ಹುಯ್ಯುತ್ತಿದ್ದಳು. ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧಕ್ಕೆ ಇಬ್ಬರೂ ನಗುತ್ತಿದ್ದರು. ಹೊಲಿಯುತ್ತ ಕೂತ ಅಕ್ಕು ತಲೆ ಎತ್ತದೆಯೇ ಒಳಗಿನಿಂದ ಕೂಗುವಳು, "ಮಾಸ್ಟ್ರೇ, ಝಾಂಜ್ ಒಂದು ಪೆಟ್ಟು ಮುಂದೆ ಓಡ್ತಾ ಉಂಟು!" ಝಾಂಜ್ ಎಂದರೆ ಬ್ಯಾಂಡಿನ ದೊಡ್ಡ ಹಿತ್ತಾಳೆ ತಾಳ. ಅದನ್ನು ಬಾರಿಸುವ ಕೊರಗ ಅವಳ ಊರ ಕಡೆಯವನೇ, ಕ್ಯಾಂಟೀನಿನಲ್ಲಿ ಕೆಲಸ. ಅವನು ನಾಲಿಗೆ ಕಚ್ಚಿಕೊಂಡು ಸರಿಮಾಡಿಕೊಳ್ಳುವನು.

೧೯೮೭ರ ಮೇ ತಿಂಗಳು. ಗುಜರಾತಿ ಮನೆಯೊಂದರ ಮದುವೆ. ಒಬ್ಬನ ಕೋಟಿನ ತೋಳು ಬಿಟ್ಟಿತ್ತೆಂದು ಅಕ್ಕು ಅದನ್ನು ಸರಿಮಾಡಿ ತಾನೇ ಮೆರವಣಿಗೆ ಹೊರಡುವ ಜಾಗಕ್ಕೆ ತಂದಿದ್ದಳು. ಸೂಜಿ ದಾರದ ಚೀಲ ಹೆಗಲಲ್ಲಿತ್ತು. ಅಲ್ಲಿ ನೋಡಿದರೆ ಮಾಸ್ತರ ಝಾಂಜ್ ಹಿಡಿದುಕೊಂಡು ಕಂಗಾಲಾಗಿ ನಿಂತಿದ್ದಾನೆ. ಕೊರಗನಿಗೆ ಜ್ವರ, ಏಳಲಾರ. ಮದುಮಗ ಕುದುರೆ ಏರಿಯಾಗಿದೆ, ಅವನ ಸೋದರಮಾವ "ಚಲೋ, ಚಲೋ" ಎಂದು ಚಪ್ಪಾಳೆ ತಟ್ಟುತ್ತಿದ್ದಾನೆ.

ಮಾಸ್ತರ ಅಕ್ಕುವಿನ ಮುಖವನ್ನೇ ನೋಡಿದ. "ಅಕ್ಕಾರ, ಎಲ್ಲಾ ಹಾಡೂ ನಿಮಗ ಬರ್ತಾವ. ಬಾರಸ್ತೀರೇನು?"

"ನಾನಾ? ಬೀದಿಯಲ್ಲಿ?"

"ಭಜನಿ ಒಳಗ ಬಾರಸೋದಿಲ್ಲೇನು? ಅದಕ್ಕ ಸುತ್ತ ಗ್ವಾಡಿ ಇರ್ತಾವ, ಇದಕ್ಕ ಇಲ್ಲ. ಅಷ್ಟ."

ಅಕ್ಕುವಿಗೆ ಹೆದರಿಕೆಯೂ ಆಯಿತು, ಆಸೆಯೂ ಆಯಿತು. ಗಂಟಿನಲ್ಲೇ ಉಳಿದಿದ್ದ ಕೊರಗನ ಕೋಟನ್ನು ಸೀರೆಯ ಮೇಲೆ ಹಾಕಿಕೊಂಡಳು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು, ಝಾಂಜ್ ಹಿಡಿದಳು. ಭಜನೆಯ ತಾಳಕ್ಕಿಂತ ಎಷ್ಟೋ ಪಟ್ಟು ಭಾರ! ಮೊದಲ ಪೆಟ್ಟಿಗೆ ಮೊಣಕೈವರೆಗೆ ಝುಮ್ಮೆಂದಿತು. ನಾಲ್ಕನೆಯದಕ್ಕೆ ಕೈ ಹದಕ್ಕೆ ಬಂತು. ಆಮೇಲೆ ಅವಳು ಯಾರನ್ನೂ ನೋಡಲಿಲ್ಲ, ಒಳಗೊಳಗೇ ಎಣಿಸುತ್ತ ನಡೆದಳು.

ಅಂಚಿನಲ್ಲಿ ಗುಂಪಾಗಿ ನಡೆಯುತ್ತಿದ್ದ ದಿಬ್ಬಣದ ಹೆಂಗಸರು ಅವಳನ್ನು ಕಂಡರು. ಮೊದಲು ಒಬ್ಬಳು ಬಂದಳು, ಆಮೇಲೆ ಮೂವರು, ಕೊನೆಗೆ ಮದುಮಗನ ಅಜ್ಜಿಯೇ ಬಂದು ಸೆರಗು ತಲೆಗೆಳೆದುಕೊಂಡು ಕೈ ತಟ್ಟಿ ಸುತ್ತತೊಡಗಿದಳು. ಅಷ್ಟು ಹೊತ್ತು ಗಂಡಸರದೇ ಆಗಿದ್ದ ಕುಣಿತ ಈಗ ಅಕ್ಕುವಿನ ಸುತ್ತ ಸೇರಿತು.

ಮೆರವಣಿಗೆ ಸ್ಟೇಷನ್ ರಸ್ತೆಗೆ ತಿರುಗಿದಾಗ ಅವಳಿಗೆ ನೆನಪಾಯಿತು: ಹೋಟೆಲು! ಆಗಲೇ ಗಿರಾಕಿಗಳು ಚಹಾದ ಗ್ಲಾಸು ಹಿಡಿದು ಮೆಟ್ಟಿಲಿಗೆ ಬಂದು ನಿಂತಿದ್ದರು. ಅವರ ಹಿಂದೆ ಕೌಂಟರಿನಿಂದ ಎದ್ದ ಸದಾನಂದ ಕತ್ತು ಉದ್ದಮಾಡಿ ನೋಡಿದ. ನೋಡಿದವನೇ ಮೆಟ್ಟಿಲಿಳಿದು, ಕುಣಿಯುವವರ ನಡುವೆ ನುಸುಳಿ ಅವಳ ಪಕ್ಕಕ್ಕೆ ಬಂದ.

"ಅಕ್ಕೂ! ಎಂಥದಿದು?"

"ಈಗ ಮಾತಾಡ್ಲಿಕ್ಕಿಲ್ಲ, ಲೆಕ್ಕ ತಪ್ತದೆ."

ಪ್ರತಿ ಪೆಟ್ಟಿಗೂ ಅವಳ ಹೆಗಲಿಂದ ಜಾರುತ್ತಿದ್ದ ಚೀಲ ಸದಾನಂದನ ಕಣ್ಣಿಗೆ ಬಿತ್ತು. ಮೆಲ್ಲಗೆ ಅದನ್ನು ತೆಗೆದು ತನ್ನ ಹೆಗಲಿಗೆ ಹಾಕಿಕೊಂಡ. ಕೌಂಟರಿನಲ್ಲಿ ಕೂರಲು ಸಪ್ಲಾಯರ್ ದೂಜನಿಗೆ ಕೈಸನ್ನೆ ಮಾಡಿ, ಮದುವೆ ಮಂಟಪದವರೆಗೂ ಅವಳ ಹಿಂದೆಯೇ ನಡೆದ.

ಆ ರಾತ್ರಿ ಅವನು ಊಟಕ್ಕೆ ಕೂತ. ಅಕ್ಕು ಸಾರು ಬಡಿಸಿದಳು.

"ಕಡೇ ಹಾಡಿಗೆ ನೀನು ಸ್ವಲ್ಪ ಓಡಿದೆ" ಎಂದ.

"ಓಡಿದ್ದು ನಾನಲ್ಲ, ಕುದುರೆ. ಅದರೊಟ್ಟಿಗೆ ಎಲ್ರೂ ಓಡಿದ್ದು!"

ಸದಾನಂದನಿಗೆ ನೆತ್ತಿಗೆ ಹತ್ತುವಷ್ಟು ನಗು ಬಂತು. ಅವಳು ಅವನ ತಲೆ ತಟ್ಟುತ್ತಲೇ ತಾನೂ ನಕ್ಕಳು.

ಕೊರಗ ಜ್ವರ ಬಿಟ್ಟು ಎದ್ದ ದಿನವೇ ಅಕ್ಕು ಅವನ ಝಾಂಜ್ ಅವನಿಗೆ ಒಪ್ಪಿಸಿದಳು. ಆದರೆ ಮದುವೆಮನೆಯವರು ಬಿಡಬೇಕಲ್ಲ. "ಆ ಝಾಂಜಿನ ಅಮ್ಮ ಬರ್ತಾರೇನು?" ಎಂದು ಕೇಳಿಕೊಂಡೇ ಬರತೊಡಗಿದರು. ಮಾಸ್ತರ ಇನ್ನೊಂದು ಜೊತೆ ಝಾಂಜ್ ತಂದ. ಲಗ್ನದ ದಿನಗಳಲ್ಲಿ ಅಕ್ಕು ಮಧ್ಯಾಹ್ನದವರೆಗೆ ಹೊಲಿದು ಸಂಜೆ ಮೆರವಣಿಗೆಗೆ ಹೊರಡುವಳು. ಸಾಯನ್ನಿನಿಂದ ಬೊರಿವಲಿಯವರೆಗೆ ಅವಳು ನಡೆಯದ ಮದುವೆಯ ಬೀದಿ ಕಡಿಮೆ.

೧೯೯೧ರ ಒಂದು ತಾಲೀಮಿನಲ್ಲಿ ಸುಂದ್ರವ್ವ ರೊಟ್ಟಿಯ ಬುಟ್ಟಿ ಇಳಿಸಿ, ಗಂಡನಿಗೆ ಕೇಳಿಸದಂತೆ ಅಕ್ಕುವಿನ ಕಿವಿಯಲ್ಲಿ ಹೇಳಿದಳು: "ಅಕ್ಕಾ, ಆ ಗಿಲಕಿ ಐತೆಲ್ಲ, ಅದನ್ನ ನಾನೂ ಅಲ್ಲಾಡಸ್ಲೇನು? ಭಾಳ ದಿನದಿಂದ ಮನಸೈತಿ."

ಎರಡು ವಾರ ಅಕ್ಕುವಿನ ಮನೆಯೊಳಗೆ ಬಾಗಿಲು ಹಾಕಿಕೊಂಡು, ಗಲಗಲ ಸದ್ದಿನ ಆ ಗಿಲಕಿಯ ಪಾಠ ನಡೆಯಿತು. ಮಾಸ್ತರನಿಗೊಬ್ಬನಿಗೆ ಗೊತ್ತು. ಅಂಧೇರಿಯ ಒಂದು ಲಗ್ನದಲ್ಲಿ ಸುಂದ್ರವ್ವ ಕೆಂಪು ಕೋಟು ಹಾಕಿಕೊಂಡು ಮುಂದಿನ ಸಾಲಿನಲ್ಲಿ ಬಂದು ನಿಂತಾಗ ಮರೆಪ್ಪನಿಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ. ಹಾಡು ಶುರುವಾಯಿತು, ಅವನು ಸೇರಬೇಕಾದ ಜಾಗವೂ ಬಂತು, ಹೋಯಿತು. ಅವನು ಕೊಂಬನ್ನು ತುಟಿಗಿಟ್ಟುಕೊಂಡು ಹೆಂಡತಿಯನ್ನೇ ನೋಡುತ್ತಿದ್ದ.

ಮಾಸ್ತರ ಊದುತ್ತಲೇ ತಿರುಗಿ ಕಣ್ಣು ಕೆಕ್ಕರಿಸಿದ. ಸುಂದ್ರವ್ವನೂ ತಿರುಗಿದಳು. "ಊದ್ರಿ ಅಂದ್ರ! ಏನ್ ನೋಡ್ತೀರಿ, ಲಗ್ನ ನಂದಲ್ಲ!"

ಮರೆಪ್ಪ ಬೆಚ್ಚಿ ಊದಿದ. ಅಕ್ಕು ನಗುವ ಭರದಲ್ಲಿ ಮೂರು ಪೆಟ್ಟು ಬಿಟ್ಟಳು, ಕೊರಗ ಎರಡು ಹೆಚ್ಚಿಗೆ ಹೊಡೆದ. ಇಡೀ ಬ್ಯಾಂಡು ಎಡವಿ, ಓಡಿ, ಬೀದಿಯ ತಿರುವಿನ ಹೊತ್ತಿಗೆ ಹೇಗೋ ಒಂದಾಯಿತು. ಕುಣಿಯುವವರಿಗೆ ಏನೂ ತಿಳಿಯಲಿಲ್ಲ; ಅವರು ಅದೇ ಹಾಡನ್ನು ಇನ್ನೊಮ್ಮೆ ಕೇಳಿದರು.