ಅತ್ತೆಯ ಮುಂದೆ ಬಾಯಿಬಿಟ್ಟ ದಿನ

ಎರಡು ವರ್ಷದ ಹಿಂದಿನ ಮಾತು. ಯುಗಾದಿ ಕಳೆದ ಮರುವಾರ ಅತ್ತೆಯೇ ನನ್ನನ್ನು ಮಂಡ್ಯದ ಆಯುರ್ವೇದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಮದ್ದೂರಿನಿಂದ ಒಳಗಿರುವ ಹಳ್ಳಿ ನಮ್ಮದು. ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತೇವೆ.

ಮುಟ್ಟಿನ ಹೊಟ್ಟೆನೋವು ನನಗೆ ಹೈಸ್ಕೂಲಿನಿಂದಲೂ ಇತ್ತು. ಮದುವೆಯಾದ ಮೇಲೆ ಮುಟ್ಟಿಲ್ಲದ ದಿನವೂ ಸೊಂಟ, ತೊಡೆ ಹಿಡಿದು ಜಗ್ಗುತ್ತಿತ್ತು. ಹೇಳಿಕೊಂಡರೆ ಅತ್ತೆ, "ಎಲ್ಲಾ ಎಂಗಸ್ರಿಗೂ ಇದ್ದದ್ದೇ ಕಣಮ್ಮಿ" ಎಂದು ಬಾಯಿ ಮುಚ್ಚಿಸುತ್ತಿದ್ದರು. ಹತ್ತು ವರ್ಷ ಕಳೆದ ಮೇಲೆ ದೊಡ್ಡಾಸ್ಪತ್ರೆಯಲ್ಲಿ ಎಂಡೊಮೆಟ್ರಿಯೋಸಿಸ್ ಎಂದರು. ಗರ್ಭಕೋಶದ ಒಳಪದರದಂಥದ್ದೇ ಹೊರಗೂ ಬೆಳೆದು, ಗಂಟು ಕಟ್ಟಿ ನೋಯಿಸುವ ಕಾಯಿಲೆಯಂತೆ. ಮಾತ್ರೆ ನುಂಗಿದೆ, ನೋವು ಪೂರ್ತಿ ಹೋಗಲಿಲ್ಲ.

ಆಯುರ್ವೇದದ ಡಾಕ್ಟರಮ್ಮ ನೇರ ಮಾತಿನವರು. "ಗಂಟು ಕರಗಿಸಿಬಿಡ್ತೀನಿ ಅಂತ ನಾನು ಹೇಳಲ್ಲ. ನೋವು ಕಡಿಮೆ ಮಾಡೋಕೆ ನೋಡೋಣ. ಸ್ಕ್ಯಾನಿಂಗು, ದೊಡ್ಡಾಸ್ಪತ್ರೆ ಡಾಕ್ಟ್ರು ಎರಡನ್ನೂ ಬಿಡಬೇಡಿ" ಎಂದರು. ಆಮೇಲೆ ಪೆನ್ನು ಹಿಡಿದು, "ಮುಟ್ಟು ಯಾವಾಗ ಯಾವಾಗ ಆಗುತ್ತೆ? ಸರಿಯಾಗಿ ಹೇಳಿ. ರಕ್ತ ಹೋಗೋ ದಿನ ಬಸ್ತಿ ಕೊಡೋ ಹಾಗಿಲ್ಲ" ಎಂದರು. ಬಸ್ತಿ ಎಂದರೆ ಎನಿಮಾದ ಹಾಗೆ ಔಷಧಿಯ ಎಣ್ಣೆ, ಕಷಾಯ ಏರಿಸುವುದು.

ನಾನು ಅತ್ತೆಯ ಕಡೆ ನೋಡಿದೆ. ಮುಟ್ಟಾದವರು ನಮ್ಮಲ್ಲಿ ಹುಳುಮನೆಗೆ ಕಾಲಿಡುವಂತಿಲ್ಲ. ನನಗೋ ತಿಂಗಳಿಗೆ ಎರಡೆರಡು ಸಲ. ಅಷ್ಟು ದಿನ ಹೊರಗೆ ಕೂತರೆ ಮೈಗಳ್ಳಿ ಎನ್ನುತ್ತಾರೆಂದು ಹೇಳದೆ ಒಳಗೆ ಹೋಗಿ, ಸೆರಗು ಕಚ್ಚಿಕೊಂಡು ಸೊಪ್ಪು ಹಾಕುತ್ತಿದ್ದೆ. ಹೀಗಿರುವಾಗಲೇ ಹಿಂದಿನ ವರ್ಷ, ಇನ್ನೇನು ಗೂಡು ಕಟ್ಟಬೇಕಿದ್ದ ಹುಳುಗಳಿಗೆ ಹಾಲುರೋಗ ತಗುಲಿತು. ಇಡೀ ಬೆಳೆಯನ್ನು ಗುಂಡಿಗೆ ಸುರಿದೆವು. "ಯಾರ್ ಮೈಲಿಗೆ ಮಾಡುದ್ರೋ" ಎಂದು ಅತ್ತೆ ಗೋಳಾಡಿದ್ದರು. ನಾನು ತುಟಿ ಬಿಚ್ಚಿರಲಿಲ್ಲ.

ಈಗ ಸುಳ್ಳು ಹೇಳಿದರೆ ಚಿಕಿತ್ಸೆ ಕೆಡುತ್ತದೆ. ನಿಜ ಹೇಳಿದರೆ ಪಕ್ಕದಲ್ಲೇ ಅತ್ತೆ ಕೂತಿದ್ದಾರೆ. ಕಣ್ಣು ಮುಚ್ಚಿ ಎಲ್ಲ ಹೇಳಿಬಿಟ್ಟೆ, ಹುಳುಮನೆಗೆ ಹೋಗಿದ್ದನ್ನೂ. ಡಾಕ್ಟರಮ್ಮ ಬರೆದುಕೊಂಡರು. ಅತ್ತೆ ನೆಲ ನೋಡುತ್ತಿದ್ದರು.

ವಾಪಸ್ ಬಸ್ಸು ಗೆಜ್ಜಲಗೆರೆ ದಾಟಿತು. ಕೊನೆಗೆ ನಾನೇ, "ಉಳ ನನ್ನಿಂದ್ಲೇ ಓದ್ವಾ ಅತ್ತೆ?" ಎಂದೆ.

ಅವರು ನನ್ನ ಕಡೆ ತಿರುಗಿದರು. "ಉಳಕ್ಕೆ ರೋಗ ಬಂದಿತ್ತು, ಓದ್ವು. ನಿಂಗೂ ರೋಗ ಬಂದಿತ್ತು. ಉಳದ್ ರೋಗ ಎಲ್ಡೇ ದಿನುಕ್ಕೆ ಕಂಡ್ತು ನಂಗೆ. ನಿಂದು ಅತ್ತು ವರ್ಸ ಆದ್ರೂ ಕಾಣ್ನಿಲ್ವಲ್ಲ ಮಗ" ಎಂದು ನನ್ನ ಕೈ ಹಿಡಿದುಕೊಂಡರು. ಮದ್ದೂರು ಬರುವವರೆಗೂ ಬಿಡಲಿಲ್ಲ.

ಮೂರು ತಿಂಗಳು ಬಸ್ತಿ, ಕಷಾಯ, ಪಥ್ಯ ನಡೆಯಿತು. ಮಾತ್ರೆ, ಸ್ಕ್ಯಾನಿಂಗ್ ಬಿಟ್ಟಿಲ್ಲ. ಯಾವುದರಿಂದಲೋ ಗೊತ್ತಿಲ್ಲ, ನೋವು ಅರ್ಧಕ್ಕಿಳಿದಿದೆ. ಗಂಟು ಹಾಗೇ ಇದೆ. ಮುಟ್ಟಾದರೆ ಅತ್ತೆ ಇವತ್ತಿಗೂ ಹುಳುಮನೆಗೆ ಬಿಡುವುದಿಲ್ಲ, ಅದಕ್ಕೆ ನಮ್ಮಿಬ್ಬರಿಗೂ ಜಗಳವಾಗುತ್ತದೆ. ಆದರೆ ನೋವೆಂದರೆ ಸಾಕು, ಸೊಪ್ಪಿನ ಕೆಲಸ ಬಿಟ್ಟು ಎಣ್ಣೆ ಬೆಚ್ಚಗೆ ಮಾಡಿ ತರುತ್ತಾರೆ. ಇದಕ್ಕೆ ಹತ್ತು ವರ್ಷ ಬೇಕಾಯಿತಲ್ಲ ಎಂಬ ಸಿಟ್ಟು ನನಗೆ ಇನ್ನೂ ಇದೆ. ಅವರು ಸೊಂಟ ನೀವುತ್ತಿದ್ದರೆ ಅದನ್ನು ಹೇಳಲೂ ಆಗದೆ, ಗೋಡೆ ಕಡೆ ತಿರುಗಿ ಅಳುತ್ತೇನೆ.